ಕೆಳಗಿನಮ್ಮನ ರಪುಂಟ್ಸೆಲ್

ಹಸಿ ಮಣ್ಣನ್ನೂ ಅಕ್ರೋಟನ್ನೂ ಒಟ್ಟಿಗೆ ನೆನೆಹಾಕಿದರೆ ಬರಬಹುದಾದಂಥ ವಾಸನೆ ಅದು. ಕಳೆದ ನವೆಂಬರಿನ ಒಂದು ಶನಿವಾರ ಜರ್ಮನಿಯ ಎರ್ಲಾಂಗೆನ್ನಿನ ಚೌಕದಲ್ಲಿ, ತರಕಾರಿ ಮಾರುವವಳ ಮುಂದೆ ಸೈಕಲ್ಲು ಹಿಡಿದು ನಿಂತಿದ್ದೆ. ಅವಳು ಮರದ ಪೆಟ್ಟಿಗೆಯಿಂದ ಒಂದು ಬೊಗಸೆ ಸೊಪ್ಪು ಎತ್ತಿ ನನ್ನ ಚೀಲಕ್ಕೆ ಸುರಿದಳು. ಹೆಬ್ಬೆರಳ ಗಾತ್ರದ ಎಲೆಗಳು, ನಾಲ್ಕೈದು ಕೂಡಿ ಒಂದು ಪುಟ್ಟ ಹೂವಿನ ಹಾಗೆ; ಬುಡದಲ್ಲಿ ಇನ್ನೂ ಮರಳು ಅಂಟಿತ್ತು. ಹಲಗೆಯ ಮೇಲೆ ‘ಫೆಲ್ಡ್‌ಸಾಲಾಟ್’ ಎಂದು ಬರೆದಿತ್ತು, ಹೊಲದ ಸೊಪ್ಪು ಎಂದು ಅರ್ಥ. ನನ್ನ ಬಾಯಿಗೆ ಮಾತ್ರ ಬೇರೆ ಹೆಸರು ಬಂತು. “ರಪುಂಟ್ಸೆಲ್ ಇನ್ನೊಂದು ಬೊಗಸೆ ಹಾಕಿ” ಎಂದೆ. ಅವಳು ತಲೆಯೆತ್ತಿ ನೋಡಿದಳು. “ಈ ಊರಲ್ಲಿ ಹಾಗೆ ಕರೆಯುವವರು ಕಡಿಮೆ. ನಿಮ್ಮ ಅಜ್ಜಿ ತೂರಿಂಗೆನ್ ಕಡೆಯವರಾ?” ನನ್ನ ಅಜ್ಜಿ ಉಡುಪಿಯ ಹತ್ತಿರ ಕಟಪಾಡಿಯವರು, ಮುಂಬಯಿಯಿಂದ ಆಚೆಗೆ ಹೋದವರಲ್ಲ. ಆದರೂ ನಾನು ಹೌದು ಎಂದೆ. ಮನೆಗೆ ಬಂದು ಸೊಪ್ಪನ್ನು ನೀರಿಗೆ ಹಾಕಿದಾಗ ಆ ವಾಸನೆ ಮತ್ತೊಮ್ಮೆ ಎದ್ದು, ಹಿಂದೆಯೇ ಮೇಣ ತಿಕ್ಕಿದ ಮರದ ಮೆಟ್ಟಿಲುಗಳು, ಕೆಳಗಿನ ಮನೆಯಲ್ಲಿ ಬೇಯುತ್ತಿದ್ದ ಸೇಬು, ಮೇಲಿನ ಮನೆಯ ಇಂಗಿನ ಒಗ್ಗರಣೆ ಎಲ್ಲ ಬಂದು ನಿಂತವು.

ರಪುಂಟ್ಸೆಲ್ ಎಂದರೆ ನೀವೆಲ್ಲ ಕೇಳಿದ ಕತೆಯ ಹುಡುಗಿಯೇ, ಬಾಗಿಲಿಲ್ಲದ ಗೋಪುರದ ಕಿಟಕಿಯಿಂದ ಜಡೆ ಇಳಿಬಿಡುವವಳು. ಹುಡುಗಿಯ ಹೆಸರಾಗುವ ಮೊದಲು ಅದು ಒಂದು ಸೊಪ್ಪಿನ ಹೆಸರಾಗಿತ್ತು ಎಂಬುದು ಈಗೀಗ ಜರ್ಮನರಿಗೂ ಮರೆತುಹೋಗಿದೆ. ನಮ್ಮಲ್ಲಿ ಮಗಳಿಗೆ ಹರಿವೆ ಎಂದೋ ಬಸಳೆ ಎಂದೋ ಹೆಸರಿಟ್ಟ ಹಾಗೆ. ಒಂಬತ್ತನೆಯ ವಯಸ್ಸಿನಿಂದ ನಾನು ತಾರೀಕು ಹಾಕಿ ದಿನಚರಿ ಬರೆಯುವವಳು. ಆ ಹೆಸರು ಕಂಡಲ್ಲೆಲ್ಲ ಗುರುತು ಹಾಕಿಕೊಳ್ಳುವ ಚಾಳಿಯೂ ಆಗಲೇ ಹತ್ತಿತು, ಇನ್ನೂ ಬಿಟ್ಟಿಲ್ಲ. ನ್ಯೂರೆಂಬರ್ಗಿನಲ್ಲಿ ಎರಡು ಹೇರ್ ಸಲೂನುಗಳಿಗೆ ಆ ಹೆಸರಿದೆ, ಒಂದು ಶಿಶುವಿಹಾರದಲ್ಲಿ ಮಕ್ಕಳ ಗುಂಪಿಗಿದೆ. ಸಸ್ಯೋದ್ಯಾನದಲ್ಲಿ ನೀಲಿ ಗಂಟೆಯಂಥ ಹೂ ಬಿಡುವ ಒಂದು ಗಿಡದ ಬುಡದಲ್ಲೂ ಅದೇ ಫಲಕ; ಅದರ ಗೆಡ್ಡೆಯನ್ನು ಹಿಂದೆ ತಿನ್ನುತ್ತಿದ್ದರಂತೆ, ಕತೆಯ ನಿಜವಾದ ರಪುಂಟ್ಸೆಲ್ ಅದೇ ಎಂದು ಹಟ ಹಿಡಿಯುವವರಿದ್ದಾರೆ. ಕೂದಲು ನುಂಗುವ ಮಕ್ಕಳ ಹೊಟ್ಟೆಯಲ್ಲಿ ಅದು ಜಡೆಯಾಗಿ ಗಂಟುಕಟ್ಟುವ ಕಾಯಿಲೆಗೂ ವೈದ್ಯರು ಅವಳ ಹೆಸರನ್ನೇ ಇಟ್ಟಿದ್ದಾರೆ. ಶಾಲೆಯಲ್ಲಿ, ಸೊಂಟ ಮುಟ್ಟುವ ಎಣ್ಣೆಜಡೆಯ ನನಗೂ ಕೆಲವು ವಾರ ಅದೇ ಹೆಸರಿತ್ತು. ಇನ್ನು ಅಪ್ಪನ ಆಫೀಸು. ಪಕ್ಕದ ಊರು ಹರ್ಟ್ಸೋಗೆನಾವ್‌ರಾಕ್‌ನಲ್ಲಿ, ಮೇಲಿನ ಮಹಡಿಯ ಬೀಗ ಹಾಕಿದ ಕೋಣೆಯಲ್ಲಿ ಒಂಟಿಯಾಗಿ ಕೂತಿದ್ದ ಕಂಪ್ಯೂಟರ್ ಸರ್ವರಿಗೆ ಯಾರೋ ತಮಾಷೆಗೆ ರಪುಂಟ್ಸೆಲ್ ಎಂದು ಹೆಸರಿಟ್ಟಿದ್ದರು. ಒಂದು ಭಾನುವಾರ ಅಪ್ಪ ಫೋನು ಇಟ್ಟು, “ರಪುಂಟ್ಸೆಲ್ ಪುನಃ ಮಲಗಿದ್ದಾಳೆ, ಹೋಗ್ಲೇಬೇಕು” ಎಂದಾಗ ಅಮ್ಮ ದೋಸೆ ಕಾವಲಿಯಿಂದ ತಲೆಯೆತ್ತದೆ ಕೇಳಿದ್ದಳು: “ಯಾರವಳು, ಆದಿತ್ಯವಾರ ಸಹ ನೀವೇ ಹೋಗಿ ಎಬ್ಬಿಸ್ಬೇಕಾದವಳು?”

ನಾವು ಬಂದದ್ದು 2001ರ ಮೇ ತಿಂಗಳಲ್ಲಿ. ಆಗ ಜರ್ಮನಿ ಕಂಪ್ಯೂಟರ್ ಕೆಲಸದವರಿಗೆ ಗ್ರೀನ್ ಕಾರ್ಡ್ ಎಂಬ ಐದು ವರ್ಷದ ಪರವಾನಗಿ ಕೊಡುತ್ತಿತ್ತು. ಐದು ವರ್ಷ ಎಂಬ ಮಾತು ನಮ್ಮ ಮನೆಯಲ್ಲಿ ಒಬ್ಬ ನೆಂಟನ ಹಾಗೆ ಕೂತಿರುತ್ತಿತ್ತು. ಮಂಚ ಕೊಳ್ಳುವಾಗ, ಪರದೆ ಹೊಲಿಸುವಾಗ, “ಐದು ವರ್ಷಕ್ಕೆ ಇಷ್ಟು ಸಾಕು” ಎಂದು ಅದೇ ಮೊದಲು ಬಾಯಿ ಹಾಕುತ್ತಿತ್ತು. ಎರ್ಲಾಂಗೆನ್ನಿನ ಹೊರವಲಯದಲ್ಲಿ ಕೆಂಪು ಹೆಂಚಿನ ಹಳೆಯ ಮನೆಯ ಮೇಲಂತಸ್ತು ನಮ್ಮದು. ಕೆಳಗೆ ಇದ್ದವರು ಮನೆಯ ಒಡತಿ ಫ್ರಾವ್ ಲೆಡರರ್, ಎಂದರೆ ಶ್ರೀಮತಿ ಲೆಡರರ್, ಎಪ್ಪತ್ತು ದಾಟಿದ ವಿಧವೆ. ಮಕ್ಕಳಿರಲಿಲ್ಲ. ಪೂರ್ವದ ತೂರಿಂಗೆನ್ನಿನ ಹಳ್ಳಿಯವರು, ಎರಡು ಜರ್ಮನಿಗಳ ನಡುವೆ ಬೇಲಿ ಏಳುವ ಮೊದಲು ಗಂಡನ ಜೊತೆ ಎರಡು ಪೆಟ್ಟಿಗೆ ಹಿಡಿದು ಪಶ್ಚಿಮಕ್ಕೆ ಬಂದವರು. ಮೆಟ್ಟಿಲಿನ ಮೇಲೆ ಶೂ ಬಿಟ್ಟರೆ ಗದರುತ್ತಿದ್ದರು, ಭಾನುವಾರ ಮಧ್ಯಾಹ್ನ ಮಿಕ್ಸಿ ತಿರುಗಿಸಿದರೆ ಕೆಳಗಿನಿಂದ ಪೊರಕೆಯ ಹಿಡಿಯಲ್ಲಿ ಛಾವಣಿ ಕುಟ್ಟುತ್ತಿದ್ದರು. ಅವರ ಹೆಸರು ನಾಲಿಗೆಗೆ ಕೂರದ ಅಮ್ಮ ಅವರನ್ನು ‘ಕೆಳಗಿನಮ್ಮ’ ಎಂದು ಕರೆದಳು. ಆ ಹೆಸರು ಮನೆಯಲ್ಲಿ ನಿಂತಿತು. ಹಿತ್ತಿಲು ಅವರದು, ಸುತ್ತ ಆಳೆತ್ತರದ ಗಿಡದ ಬೇಲಿ. ನಾವು ಅದನ್ನು ಅಡುಗೆಮನೆಯ ಕಿಟಕಿಯಿಂದ ನೋಡುವುದಷ್ಟೇ, ಒಳಗೆ ಕಾಲಿಟ್ಟವರಲ್ಲ.

2002ರ ಚಳಿಗಾಲ ಅಮ್ಮ ಬಸುರಿ. ಅವಳಿಗೆ ಬಯಕೆ ಹತ್ತಿದ್ದು ಬಸಳೆಗೆ. ಚಪ್ಪರಕ್ಕೆ ಹಬ್ಬಿದ ದಪ್ಪ ದಂಟಿನ ಬಸಳೆ, ಹಲಸಿನ ಬೀಜ ಹಾಕಿ ಮಾಡಿದ ಹುಳಿ. ಬೇರೇನೂ ಹಿಡಿಸುತ್ತಿರಲಿಲ್ಲ, ಅನ್ನದ ಮುಂದೆ ಕೂತು ಎದ್ದುಬಿಡುತ್ತಿದ್ದಳು. ಅಪ್ಪ ನ್ಯೂರೆಂಬರ್ಗಿನ ಏಷ್ಯನ್ ಅಂಗಡಿಗಳಲ್ಲೆಲ್ಲ ಕೇಳಿ ಬಂದರು. ಅವರ ಜೊತೆ ಕೆಲಸ ಮಾಡುತ್ತಿದ್ದ ಮೈಸೂರಿನ ಪ್ರಕಾಶ್ ಅಂಕಲ್ ಊಟಕ್ಕೆ ಬಂದವರು ಉಪಾಯ ಹೇಳಿದರು: “ಏನ್ ಗುರು ನೀನು, ಈ ಹಿಮದಲ್ಲಿ ಬಸಳೆ ಹುಡುಕ್ತೀಯಲ್ಲ! ಫ್ರೋಜನ್ ಪಾಲಕ್ ಸಿಗುತ್ತೆ, ಅದನ್ನೇ ಬೇಯಿಸ್ಹಾಕು. ಅತ್ಗೆಗೆ ಎಲ್ಲಿ ಗೊತ್ತಾಗುತ್ತೆ?” ಅಡುಗೆಮನೆಯಿಂದ ಅಮ್ಮನ ದನಿ ಬಂತು: “ನಂಗೂ ಗೊತ್ತಾಗ್ತದೆ ಪ್ರಕಾಶ್, ಹೊಟ್ಟೆಯೊಳಗಿನದ್ದಕ್ಕೂ ಗೊತ್ತಾಗ್ತದೆ.” ಅದೇ ವಾರ ಕಟಪಾಡಿಯಿಂದ ಅಜ್ಜಿ ಫೋನಿನಲ್ಲಿ ಎಚ್ಚರಿಸಿದರು: “ಬಸುರಿಯ ಬಯಕೆ ತೀರಿಸದೆ ಇದ್ರೆ ಮಗುವಿನ ಕಿವಿ ಸೋರ್ತದೆ. ಎಂತಾದ್ರೂ ಮಾಡಿ.” ನಾನು ಇನ್ನೊಂದು ರಿಸೀವರಿಗೆ ಕಿವಿಯಿಟ್ಟು ಕೇಳಿದೆ. ಆ ದಿನದಿಂದ ಅಮ್ಮನ ಹೊಟ್ಟೆ ನೋಡಿದಾಗಲೆಲ್ಲ ನನಗೆ ಎರಡು ಸಣ್ಣ ಕಿವಿಗಳು ಕಾಣುತ್ತಿದ್ದವು.

ಅಮ್ಮ ಕಿಟಕಿಯ ಹತ್ತಿರ ನಿಲ್ಲುವುದು ಹೆಚ್ಚಾಯಿತು. ಹಿತ್ತಿಲೆಲ್ಲ ಬೆಳ್ಳಗಿತ್ತು. ಗೋಡೆಯ ಬದಿಯಲ್ಲಿ ಮಾತ್ರ, ಕೆಳಗಿನಮ್ಮ ಬೆಳಿಗ್ಗೆ ಕೈಯಿಂದ ಹಿಮ ಸರಿಸಿದ ಜಾಗದಲ್ಲಿ, ಚಾಪೆಯಗಲದ ಹಸಿರು. “ಅದೆಂತ ಸೊಪ್ಪು ಮಾರಾಯ್ತಿ, ಇಷ್ಟು ಚಳಿಗೆ ಸಹ ಸಾಯುದಿಲ್ಲ? ಕೇಳಿಕೊಂಡು ಬಾ” ಎಂದಳು. ಮನೆಯಲ್ಲಿ ಜರ್ಮನ್ ಸರಾಗವಾಗಿ ಬರುತ್ತಿದ್ದದ್ದು ನನಗೊಬ್ಬಳಿಗೆ. ಕೆಳಗೆ ಹೋಗಿ, ಅಮ್ಮನಿಗೆ ಬಯಕೆ ಎಂಬುದನ್ನು ಹೇಗೋ ವಿವರಿಸಿದೆ. ಫ್ರಾವ್ ಲೆಡರರ್ ಗದರಲಿಲ್ಲ. ಚಪ್ಪಲಿ ಬದಲಿಸಿ, ಚಾಕು ತೆಗೆದುಕೊಂಡು, ನನ್ನನ್ನು ಮೊದಲ ಬಾರಿಗೆ ಬೇಲಿಯೊಳಗೆ ಕರೆದೊಯ್ದರು. “ರಪುಂಟ್ಸೆಲ್” ಎಂದರು, ಬಗ್ಗಿ ಕೊಯ್ಯುತ್ತಾ. ಅಪ್ಪನ ಸರ್ವರಿನ ಹೆಸರು ಈ ಮುದುಕಿಗೆ ಹೇಗೆ ಗೊತ್ತು ಎಂದು ನನಗೆ ಆಶ್ಚರ್ಯ. ನೀಲಿ ಅಂಚಿನ ಬಿಳಿ ಎನಾಮಲ್ ಬೋಗುಣಿಯನ್ನು ತುಂಬಿ ನನ್ನ ಕೈಗಿಟ್ಟು, “ಬೇಕಾದಷ್ಟು ತೆಗೆದುಕೊಂಡು ಹೋಗು. ಮಗು ಯಾವಾಗ ಬರುತ್ತದೆ?” ಎಂದು ಕೇಳಿದರು. ಮಾರ್ಚ್ ಎಂದೆ.

ಅಮ್ಮ ಒಂದು ಎಲೆಯನ್ನು ತೊಳೆಯದೆಯೇ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದಳು. “ಬಸಳೆ ಅಲ್ಲ. ಆದ್ರೆ ಆಗ್ತದೆ.” ಒಣಕೊಬ್ಬರಿಪುಡಿ, ಜೀರಿಗೆ, ಮೊಸರು ಹಾಕಿ ತಂಬುಳಿ ಮಾಡಿದಳು, ಎರಡು ಸಲ ಅನ್ನ ಬಡಿಸಿಕೊಂಡಳು. ಬೋಗುಣಿ ಹಿಂದಿರುಗಿಸಬೇಕಲ್ಲ, ಕೊಟ್ಟ ಪಾತ್ರೆಯನ್ನು ಬರಿದಾಗಿ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಚಕ್ಕುಲಿ ತುಂಬಿಸಿ ಕಳಿಸಿದಳು. ಫ್ರಾವ್ ಲೆಡರರ್ ಅದನ್ನು ಕಡಿದು, ಖಾರಕ್ಕೆ ಕೆಮ್ಮಿ, ನೀರು ಕುಡಿದು, ಸುಮ್ಮನೆ ಹಿತ್ತಿಲಿಗೆ ಹೋಗಿ ಮತ್ತೊಂದು ಬೋಗುಣಿ ಸೊಪ್ಪು ತಂದರು. ಸಿಕ್ಕಿದ್ದಕ್ಕೆ ಏನೂ ಕೊಡದೆ ಕೂರುವುದು ಅವರ ಕಡೆ ಮರ್ಯಾದೆಯಲ್ಲವಂತೆ. ಅಮ್ಮ ಪುಳಿಯೋಗರೆ ಕಳಿಸಿದಳು, ಸೊಪ್ಪು ಬಂತು. ಗೋಧಿ ಹಲ್ವಾ ಹೋಯಿತು. ಸೊಪ್ಪು ಬಂತು, ಜೊತೆಗೆ ಸೇಬಿನ ಪಾಕದ ಒಂದು ಜಾಡಿ. ಅಮ್ಮ ಇದಕ್ಕೆ ಲೆಕ್ಕ ಮುಗಿಯಿತು ಎಂದುಕೊಂಡು ತುಂಬಿಸುತ್ತಿದ್ದಳು, ಅವರು ಇನ್ನಷ್ಟು ಬೇಕೆಂಬ ಸೂಚನೆ ಎಂದುಕೊಂಡು ತುಂಬಿಸುತ್ತಿದ್ದರು. ಯಾರೂ ನಿಲ್ಲಿಸುವಂತಿರಲಿಲ್ಲ. “ಈ ಬೋಗುಣಿಗೆ ಸಹ ಒಂದು ಗ್ರೀನ್ ಕಾರ್ಡ್ ಮಾಡಿಸ್ಬೇಕು, ದಿನಾ ಗಡಿ ದಾಟ್ತದೆ” ಎಂದು ಅಪ್ಪ ನಗಾಡುತ್ತಿದ್ದರು. ಅಮ್ಮನ ಕೆನ್ನೆ ತುಂಬಿಕೊಂಡಿತು. ಪೊರಕೆಯಲ್ಲಿ ಕುಟ್ಟುವ ಸದ್ದು ನಿಂತಿತು.

ಫೆಬ್ರವರಿಯಲ್ಲಿ ನಮ್ಮ ಟೀಚರ್ ತರಗತಿಯಲ್ಲಿ ಆ ಕತೆ ಹೇಳಿದರು. ನಾನು ಜಡೆಯ ಭಾಗವನ್ನಷ್ಟೇ ಕೇಳಿದ್ದವಳು. ಅದು ಶುರುವಾಗುವುದು ಹೇಗೆ ಎಂದು ಗೊತ್ತಿರಲಿಲ್ಲ. ಒಬ್ಬ ಬಸುರಿ ತನ್ನ ಮನೆಯ ಮೇಲಿನ ಕಿಟಕಿಯಲ್ಲಿ ನಿಂತು ನೆರೆಯ ಮುದುಕಿಯ ತೋಟವನ್ನು ನೋಡುತ್ತಾಳೆ. ಎತ್ತರದ ಬೇಲಿಯೊಳಗೆ ಹಸಿರು ರಪುಂಟ್ಸೆಲ್. ಅದು ಸಿಗದಿದ್ದರೆ ಸಾಯುತ್ತೇನೆ ಎನ್ನುತ್ತಾಳೆ. ಗಂಡ ಕದಿಯಲು ಹೋಗಿ ಸಿಕ್ಕಿಬೀಳುತ್ತಾನೆ. ಮುದುಕಿ ಹೇಳುತ್ತಾಳೆ: ಬೇಕಾದಷ್ಟು ತೆಗೆದುಕೊಂಡು ಹೋಗು, ಹುಟ್ಟುವ ಮಗು ಮಾತ್ರ ನನ್ನದು. ಮಗು ಹುಟ್ಟಿದ ಗಳಿಗೆಯಲ್ಲೇ ಬರುತ್ತಾಳೆ, ತಾನೇ ಹೆಸರಿಡುತ್ತಾಳೆ, ಎತ್ತಿಕೊಂಡು ಹೋಗುತ್ತಾಳೆ. ಬೇರೆ ಮಕ್ಕಳು ಮುಂದೆ ಬರುವ ರಾಜಕುಮಾರನಿಗಾಗಿ ಕಾಯುತ್ತಿದ್ದರು. ನನಗೆ ಆಮೇಲಿನದ್ದು ಕೇಳಿಸಲಿಲ್ಲ.

ಮನೆಗೆ ಬಂದು ಯೋಚಿಸಿದೆ. ಸೊಪ್ಪು ತರುವುದನ್ನು ನಿಲ್ಲಿಸಿದರೆ ಮಗುವಿನ ಕಿವಿ ಸೋರುತ್ತದೆ, ಅಜ್ಜಿ ಹೇಳಿದ್ದಾರೆ. ತರುತ್ತಾ ಹೋದರೆ ಮಗುವೇ ಹೋಗುತ್ತದೆ, ಟೀಚರ್ ಹೇಳಿದ್ದಾರೆ. ಇಬ್ಬರೂ ಸುಳ್ಳು ಹೇಳುವವರಲ್ಲ. ಅಮ್ಮನಿಗೆ ಹೇಳಿದರೆ ಅವಳು ತಿನ್ನುವುದನ್ನೇ ಬಿಟ್ಟಾಳು. ಉಳಿದ ದಾರಿ ಒಂದೇ: ಮಗು ಹುಟ್ಟುವ ದಿನ ಬೋಗುಣಿ ಕೆಳಗಿರಬೇಕು, ನಮ್ಮದೇ ತಿಂಡಿ ತುಂಬಿಕೊಂಡು. ಆಗ ಸಾಲ ನಮ್ಮ ಮೇಲಿಲ್ಲ, ಆ ಮುದುಕಿಗೆ ಕೇಳಲು ಬಾಯಿರುವುದಿಲ್ಲ. ಅಂದಿನಿಂದ ಬೋಗುಣಿ ಮೇಲೆ ಬಂದ ಅರ್ಧ ಗಂಟೆಯಲ್ಲಿ ಅದನ್ನು ಕೆಳಗಿಳಿಸುವ ಕೆಲಸ ನನ್ನದಾಯಿತು. ಅಮ್ಮ ಕಳಿಸುವುದರ ಮೇಲೆ ನನ್ನ ಚಾಕಲೇಟನ್ನೂ ಇಡುತ್ತಿದ್ದೆ. “ಎಂತ ಅವಸರ ನಿಂಗೆ? ಹಿಟ್ಟಾದ್ರೂ ಬೇಯ್ಲಿ” ಎಂದು ಅಮ್ಮ ಬೈಯುತ್ತಿದ್ದಳು. ನಾನು ಒಲೆಯ ಪಕ್ಕದಲ್ಲೇ ನಿಂತಿರುತ್ತಿದ್ದೆ.

ಮಾರ್ಚ್ ಹದಿನೈದು, ಶನಿವಾರ. ಬೆಳಿಗ್ಗೆಯೇ ಅಪ್ಪ ಆಫೀಸಿನ ರಪುಂಟ್ಸೆಲನ್ನು ಎಬ್ಬಿಸಲು ಹೋಗಿದ್ದರು. ಆ ಕೋಣೆಯಲ್ಲಿ ಮೊಬೈಲು ಸಿಗುತ್ತಿರಲಿಲ್ಲ. ಹತ್ತು ಗಂಟೆಯ ಹೊತ್ತಿಗೆ ಅಮ್ಮ ಅಡುಗೆಮನೆಯ ಕುರ್ಚಿ ಹಿಡಿದು ನಿಂತು, “ಕೆಳಗಿನಮ್ಮನನ್ನು ಕರಿ” ಎಂದಳು. ಡಾಕ್ಟರು ಹೇಳಿದ ದಿನಕ್ಕೆ ಇನ್ನೂ ಎರಡು ವಾರವಿತ್ತು. ಬಾಗಿಲು ತೆರೆದೆ. ಹೊಸ್ತಿಲಲ್ಲಿ ಬೋಗುಣಿ ಕೂತಿತ್ತು, ಸೊಪ್ಪು ತುಂಬಿಕೊಂಡು. ನನ್ನ ಕಾಲು ಅಲ್ಲೇ ನಿಂತಿತು. ಕರೆಯುವುದೇ ಬೇಕಾಗಲಿಲ್ಲ, ಅಮ್ಮನ ನರಳಾಟ ಕೇಳಿ ಫ್ರಾವ್ ಲೆಡರರ್ ಕೋಟು ಹಾಕಿಕೊಂಡೇ ಮೆಟ್ಟಿಲು ಹತ್ತುತ್ತಿದ್ದರು. ಟ್ಯಾಕ್ಸಿಗೆ ಹೇಳಿಯಾಗಿದೆ, ನಾನೂ ಬರುತ್ತೇನೆ ಎಂದರು.

“ನೀವು ಬರಬಾರದು” ಎಂದೆ. ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತಿದ್ದೆ.

“ಎಂತದು ನಿಂದು? ದಾರಿ ಬಿಡು ಮಾರಾಯ್ತಿ!” ಒಳಗಿನಿಂದ ಅಮ್ಮ.

“ಅವರು ಬೇಡ ಅಮ್ಮ. ಅವರು ಬಂದ್ರೆ ಪಾಪುವನ್ನು ಕೊಂಡೋಗ್ತಾರೆ.”

ಅಮ್ಮ ಹಲ್ಲು ಕಚ್ಚಿ ಹೇಳಿದಳು: “ಯಾರಾದ್ರೂ ಕೊಂಡೋಗ್ಲಿ, ಮೊದ್ಲು ಅದು ಹೊರಗೆ ಬರ್ಲಿ!”

ಫ್ರಾವ್ ಲೆಡರರಿಗೆ ಕನ್ನಡ ಅರ್ಥವಾಗಲಿಲ್ಲ, ನನ್ನ ಮುಖ ಅರ್ಥವಾಯಿತು. ಅವರು ನಿಧಾನಕ್ಕೆ ಮೆಟ್ಟಿಲ ಮೇಲೆ ಕೂತರು, ನನ್ನ ಎತ್ತರಕ್ಕೆ. ಏನು ಎಂದು ಕೇಳಿದರು. ನಾನು ಬೋಗುಣಿ ತೋರಿಸಿದೆ. ಕತೆ ಹೇಳಿದೆ, ಅವರ ಮಾತನ್ನೇ ಅವರಿಗೆ ಒಪ್ಪಿಸಿದೆ: ಬೇಕಾದಷ್ಟು ತೆಗೆದುಕೊಂಡು ಹೋಗು ಅಂದಿರಿ, ಮಗು ಯಾವಾಗ ಬರುತ್ತದೆ ಅಂತಲೂ ಕೇಳಿದಿರಿ. ಅವರು ನಗಲಿಲ್ಲ. “ಆ ಕತೆಯಲ್ಲಿ ಮುದುಕಿಗೆ ತೋಟ ಇತ್ತು, ಅವಳೇ ನೆಟ್ಟಿದ್ದಳು. ನಾನು ನೆಟ್ಟಿಲ್ಲ. ನಾವು ಈ ಮನೆಗೆ ಬಂದ ಮೊದಲ ಚಳಿಗಾಲ ತಿನ್ನಲು ಏನೂ ಇರಲಿಲ್ಲ. ಹಿಮ ಸರಿಸಿದರೆ ಇದು ಇತ್ತು, ತಾನಾಗಿ ಬಿದ್ದು ತಾನಾಗಿ ಎದ್ದದ್ದು, ನಮ್ಮ ಹಳ್ಳಿಯ ಹೊಲಗಳಲ್ಲಿ ಇದ್ದ ಹಾಗೆ. ನಾನು ಕಿತ್ತುಹಾಕಲಿಲ್ಲ, ಅಷ್ಟೇ. ನಾನು ಬಿತ್ತದೇ ಬೆಳೆದದ್ದಕ್ಕೆ ನಿನ್ನಿಂದ ಏನು ಕೇಳಲಿ, ಕಿಂಡ್?” ಕಿಂಡ್ ಎಂದರೆ ಮಗು. ಆಮೇಲೆ, ಕೆಳಗೆ ಟ್ಯಾಕ್ಸಿಯ ಸದ್ದಾದಾಗ, ಇನ್ನೊಂದು ಮಾತು ಸೇರಿಸಿದರು: “ನಾನು ಚೀಲ ಹಿಡಿಯಲು ಬರುತ್ತೇನೆ. ಮಗುವನ್ನು ನೀನಾಗಿ ನನ್ನ ಕೈಗೆ ಕೊಡುವವರೆಗೆ ಮುಟ್ಟುವುದಿಲ್ಲ.” ನಾನು ಕೈ ಇಳಿಸಿದೆ.

ಆಸ್ಪತ್ರೆಯಲ್ಲಿ ಅವರು ಮಾತು ಉಳಿಸಿಕೊಂಡರು. ತಂಗಿ ಹುಟ್ಟಿದ ಮಧ್ಯಾಹ್ನ ನರ್ಸ್ ಬಟ್ಟೆ ಸುತ್ತಿದ ಗಂಟನ್ನು ಅವರೆಡೆಗೆ ಚಾಚಿದಾಗ ಎರಡೂ ಕೈಯನ್ನು ಕೋಟಿನ ಜೇಬಿಗೆ ತುರುಕಿಕೊಂಡು ಗಲ್ಲದಿಂದ ನನ್ನತ್ತ ತೋರಿಸಿದರು. ಓಡಿಬಂದಿದ್ದ ಅಪ್ಪನಿಗೆ ಒಂದೂ ತಿಳಿಯಲಿಲ್ಲ. ನಾನು ಮೊದಲು ಕಿವಿ ಪರೀಕ್ಷಿಸಿದೆ, ಒಣಗಿದ್ದವು. ಆ ದಿನ ಕೊಡಲಿಲ್ಲ, ಮರುದಿನವೂ ಕೊಡಲಿಲ್ಲ. ಮೂರನೆಯ ದಿನ ಮನೆಗೆ ಬಂದ ಮೇಲೆ, ಅವರು ನಮ್ಮ ಮೆಟ್ಟಿಲು ಗುಡಿಸುತ್ತಿದ್ದಾಗ, ನಾನೇ ಒಯ್ದು ಕೊಟ್ಟೆ. ಅವರು ಪೊರಕೆಯನ್ನು ಗೋಡೆಗೆ ಒರಗಿಸಿ, ಏಪ್ರನ್ನಿಗೆ ಕೈ ಒರೆಸಿ, ಮತ್ತೊಮ್ಮೆ ಒರೆಸಿ, ಎತ್ತಿಕೊಂಡರು.

ಹನ್ನೆರಡನೆಯ ದಿನ ನಾಮಕರಣ. ನಮ್ಮ ಮನೆಯ ಪದ್ಧತಿಯಂತೆ ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ, ಅವಳು ಕಟಪಾಡಿಯಲ್ಲಿ. “ಆ ಜಾಗದಲ್ಲಿ ಕೆಳಗಿನಮ್ಮನನ್ನು ಕೂರಿಸುವ” ಎಂದಳು ಅಮ್ಮ. “ಅವರು ಕ್ರಿಶ್ಚಿಯನ್ ಅಲ್ವಾ?” ಎಂದರು ಅಪ್ಪ. “ಕಿವಿಗೆ ಜಾತಿ ಉಂಟಾ?” ಎಂದಳು ಅಮ್ಮ. ಮಾತು ಮುಗಿಯಿತು. ಕತೆಯಲ್ಲೂ ಹೆಸರಿಟ್ಟವಳು ಮುದುಕಿಯೇ. ಅವರು ಬಗ್ಗಿದಾಗ ನಾನೂ ಬಗ್ಗಿ, ತೊಟ್ಟಿಲಿಗೂ ಅವರ ಬಾಯಿಗೂ ನಡುವೆ ಕಿವಿಯಿಟ್ಟೆ. ಮೀರಾ, ಮೀರಾ, ಮೀರಾ. ಬೇರೇನೂ ಇರಲಿಲ್ಲ.

ಆಮೇಲಿನ ಎರಡು ವರ್ಷ ಮೀರಾ ಬೆಳೆದದ್ದು ಹೆಚ್ಚಾಗಿ ಕೆಳಗೆ. ಅಮ್ಮ ಜರ್ಮನ್ ಕ್ಲಾಸಿಗೆ, ನಂತರ ಒಂದು ಲ್ಯಾಬಿನ ಅರ್ಧ ದಿನದ ಕೆಲಸಕ್ಕೆ ಹೋಗತೊಡಗಿದಳು. ಮೀರಾ ಮೊದಲು ಹೆಜ್ಜೆಯಿಟ್ಟದ್ದು ಕೆಳಗಿನ ಅಡುಗೆಮನೆಯಲ್ಲಿ. ಮೊದಲು ಆಡಿದ ಮಾತು ‘ಓಮಾ’, ಅಜ್ಜಿ. ಅಮ್ಮ “ಬಾ ಪುಟ್ಟಿ” ಎಂದರೆ ಅವಳು ಜರ್ಮನ್ನಿನಲ್ಲಿ ಬೇಡ ಎನ್ನುತ್ತಿದ್ದಳು. ಅಮ್ಮ ನಗುತ್ತಿದ್ದಳು, ಯಾವಾಗಲೂ ಅಲ್ಲ.

ಐದು ವರ್ಷ ಮುಗಿಯುವ ಮೊದಲೇ ಅಪ್ಪನ ಕೆಲಸ ಮುಗಿಯಿತು. 2005ರ ಆಗಸ್ಟಿನಲ್ಲಿ ನಾವು ಹೊರಟೆವು. ಮಂಗಳೂರಿನಲ್ಲಿ ಅಪ್ಪನಿಗೆ ಪಾಠ ಹೇಳುವ ಕೆಲಸ ಸಿಕ್ಕಿತ್ತು. ವಿಮಾನ ನಿಲ್ದಾಣಕ್ಕೆ ಹೋಗುವ ಕಾರು ಗೇಟಿನ ಹೊರಗೆ ನಿಂತಿತ್ತು. ಮೀರಾ ಫ್ರಾವ್ ಲೆಡರರ್ ಅವರ ಕುತ್ತಿಗೆಗೆ ಜೋತುಬಿದ್ದು ಬಿಡಲೊಲ್ಲಳು. ಅಮ್ಮ ಕೈ ಮುಂದೆ ಮಾಡಿದಳು, ಹಿಂದೆಗೆದಳು. ಅಪ್ಪ ಕಾರಿನಲ್ಲಿ ಆಗಲೇ ಇಟ್ಟಿದ್ದ ಸೂಟ್‌ಕೇಸುಗಳನ್ನು ಮತ್ತೆ ಇಡುತ್ತಿದ್ದರು. ಆ ಹೆಂಗಸು ಅವಳನ್ನೆತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಿದ್ದರೆ ನಾವು ಏನು ಮಾಡುತ್ತಿದ್ದೆವೋ ನನಗೆ ಇಂದಿಗೂ ತಿಳಿಯದು. ಅವರು ತಮ್ಮ ಕುತ್ತಿಗೆಯಿಂದ ಆ ಬೆರಳುಗಳನ್ನು ತಾವೇ ಬಿಡಿಸಿದರು, ಅವಸರವಿಲ್ಲದೆ, ಕಿವಿಯಲ್ಲಿ ಏನೋ ಹೇಳುತ್ತಾ. ಈ ಸಲ ಅದೇನೆಂದು ಕೇಳಲು ನಾನು ಹತ್ತಿರ ಹೋಗಲಿಲ್ಲ. ಅಮ್ಮನ ತೋಳಿಗೆ ಅವಳನ್ನು ಹಾಕಿ, ಜಾರಿದ ಕಾಲುಚೀಲವನ್ನು ಮೇಲಕ್ಕೆಳೆದು, ಒಳಗೆ ಹೋದರು.

2011ರಲ್ಲಿ ಅವರು ತೀರಿಹೋದರು. ಅವರ ಪಕ್ಕದ ಮನೆಯವರು ಫೋನು ಮಾಡಿ ತಿಳಿಸಿದರು. ನಾನು ಸಂಶೋಧನೆಗೆಂದು ಈ ಊರಿಗೆ ಮರಳುವ ಹೊತ್ತಿಗೆ ಮನೆಯೂ ಇರಲಿಲ್ಲ. ಅಲ್ಲೀಗ ನಾಲ್ಕಂತಸ್ತಿನ ಅಪಾರ್ಟ್‌ಮೆಂಟು, ಹಿತ್ತಿಲಿದ್ದ ಕಡೆ ನೆಲದಡಿಯ ಕಾರ್ ಪಾರ್ಕಿಂಗಿಗೆ ಇಳಿಜಾರು. ರಪುಂಟ್ಸೆಲ್ ಎಂಬ ಹೆಸರು ಸಲೂನಿನ ಬೋರ್ಡಿನಲ್ಲಿ ಸುಖವಾಗಿದೆ. ಅದರಡಿಯ ಸೊಪ್ಪನ್ನು ಆ ಹೆಸರಿನಿಂದ ಕರೆಯುವವರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಅದಕ್ಕೇ ಸಂತೆಯಲ್ಲಿ ನಾನು ಹಟ ಹಿಡಿದು ಹಾಗೆಯೇ ಕೇಳುತ್ತೇನೆ, ಮಾರುವವರು ನಗಲಿ, ತಿದ್ದಲಿ.

ಡಿಸೆಂಬರಿನಲ್ಲಿ ಮೀರಾ ಬಂದಿದ್ದಳು. ಮಂಗಳೂರಿನ ಹುಡುಗಿ, ಜರ್ಮನ್ ಒಂದಕ್ಷರ ಬಾರದು, ಇಲ್ಲಿಯ ಒಂದು ದಿನವೂ ನೆನಪಿಲ್ಲ. ಬಸ್ಸಿನಲ್ಲಿ ಆ ಬೀದಿಗೆ ಕರೆದುಕೊಂಡು ಹೋದೆ. ಅವಳು ಕಟ್ಟಡದ ಫೋಟೋ ತೆಗೆದು, “ಚಳಿ ಅಕ್ಕಾ, ಹೋಗುವ” ಎಂದಳು. ವಾಪಸು ಹೋಗುವ ಬಸ್ಸಿಗೆ ಕಾಯುತ್ತಾ ನಿಂತಾಗ ಅವಳಿಗೆ ಎಲ್ಲವನ್ನೂ ಹೇಳಿದೆ, ಅಮ್ಮ ಎಂದೂ ಹೇಳಿರದ, ನಾವು ಕಾರು ಹತ್ತಿದ ಬೆಳಗನ್ನೂ. ಅವಳು ಮೊಬೈಲನ್ನು ಜೇಬಿಗಿಟ್ಟು ಕೇಳಿದಳು.

“ಕೊಟ್ಟುಬಿಟ್ರಾ ನನ್ನನ್ನು? ಹಾಗೇ?”

“ಹಾಗೇ.”

“ಅಳ್ಲಿಲ್ವಾ?”

“ನಮ್ಮ ಮುಂದೆ ಇಲ್ಲ.”

ಬಸ್ಸು ಬಂತು. ಅವಳು ಹತ್ತಲಿಲ್ಲ. ಹಿಂದಿರುಗಿ ಆ ಕಟ್ಟಡದ ಗೇಟಿನವರೆಗೆ ನಡೆದು, ಎರಡೂ ಕೈ ಜೇಬಿನಲ್ಲಿಟ್ಟುಕೊಂಡು, ಯಾರದೋ ಮನೆಗಳ ಮುಂದೆ ಬಹಳ ಹೊತ್ತು ನಿಂತಳು. ನಾನು ಕರೆಯಲಿಲ್ಲ.